ಹಾಕದೇ ಉಳಿದ ಕಾರ್ಡು

ಮಕ್ಕಳೇ, ಮತ್ತು ಮಕ್ಕಳ ಪಕ್ಕದಲ್ಲಿ ಕನ್ನಡಕ ಹುಡುಕುತ್ತ ಕೂತಿರುವ ಅಜ್ಜ-ಅಜ್ಜಿಯರೇ,

ಈ ವಾರ ಆಣೆ-ಪೈಸೆಯ ಲೆಕ್ಕ ಹೇಳುತ್ತೇನೆಂದು ಮಾತು ಕೊಟ್ಟಿದ್ದೆ. ಅದು ಇನ್ನೊಂದು ವಾರ ಕಾಯಲಿ. ಇವತ್ತು ಬೇರೊಂದು ಲೆಕ್ಕ ಚುಕ್ತಾ ಮಾಡಬೇಕಾಗಿದೆ. ಸುಮಾರು ಅರವತ್ತು ವರ್ಷದಿಂದ ನನ್ನ ಖಾತೆಯಲ್ಲಿ ಬಾಕಿ ಉಳಿದಿರುವಂಥದ್ದು.

ನಮ್ಮ ಬಡಾವಣೆಯ ಪಾರ್ಕಿನಲ್ಲಿ ಬೆಳಿಗ್ಗೆ ಆರಕ್ಕೆ ಸೇರುವವರು ನಾವು ಐದಾರು ಜನ. ಅವರಲ್ಲೊಬ್ಬರು ನಿವೃತ್ತ ಹೈಸ್ಕೂಲು ಮೇಷ್ಟ್ರು. ನಡೆಯುವಾಗ ಅವರ ಮಾತು ನಿಲ್ಲುವುದೇ ಇಲ್ಲ. ಅಂಥವರು ನಾಲ್ಕು ದಿನ ತುಟಿ ಬಿಚ್ಚದೆ ನಡೆದರು. ಐದನೇ ದಿನ ಕಲ್ಲುಬೆಂಚಿನ ಮೇಲೆ ಕೂತು ಹೇಳಿದರು. ಒಂಬತ್ತನೇ ಕ್ಲಾಸಿನ ಮೊಮ್ಮಗಳಿಗೆ ಮೂಳೆಯ ಕ್ಯಾನ್ಸರು. ಒಮ್ಮೆ ಗುಣವಾಗಿದ್ದು ಮತ್ತೆ ಬಂದಿದೆ. ಈ ಸಲ ಶ್ವಾಸಕೋಶಕ್ಕೂ ಹರಡಿದೆ. ಡಾಕ್ಟರು ಮಗ-ಸೊಸೆಯನ್ನು ಕೂರಿಸಿಕೊಂಡು, ಇನ್ನು ಮೇಲೆ ನೋವಾಗದ ಹಾಗೆ ನೋಡಿಕೊಳ್ಳೋಣ ಎಂದರಂತೆ.

"ಅವಳಿಗೆ ಏನೂ ಹೇಳಿಲ್ಲ ರಾಯರೇ. ಮೊಬೈಲ್ ಕೂಡ ಕಿತ್ತಿಟ್ಟಿದ್ದೀವಿ. ಕಾಯಿಲೆ ಹೆಸರು ಹಾಕಿ ನೋಡಿಬಿಟ್ಟರೆ? ಕ್ಲಾಸಿನ ಹುಡುಗರು ಏನಾದರೂ ಕೇಳಿಬಿಟ್ಟರೆ?"

ನಾನು ಸುಮ್ಮನೆ ತಲೆಯಾಡಿಸಿದೆ. ಮನೆಗೆ ಬಂದು ಕಾಫಿ ಕುಡಿಯುವಾಗ ಲೋಟ ಕೈಯಲ್ಲೇ ಉಳಿಯಿತು. ಯಾಕೆಂದರೆ ಇದೇ ಮಾತನ್ನು ನಾನು 1966ರಲ್ಲಿ ಕೇಳಿದ್ದೆ.

ನನ್ನ ಚಿಕ್ಕಪ್ಪನ ಮಗ ನನಗಿಂತ ಒಂದು ವರ್ಷಕ್ಕೆ ದೊಡ್ಡವನು. ನಾನು ಅವನನ್ನು ಅಣ್ಣಯ್ಯ ಎನ್ನುತ್ತಿದ್ದೆ. ನಮ್ಮದು ಕೂಡು ಕುಟುಂಬ, ಒಂದೇ ಚಾಪೆಯಲ್ಲಿ ಮಲಗಿ ಬೆಳೆದವರು. ಅವನಿಗೆ ಹದಿನಾರು ತುಂಬಿದ ವರ್ಷ ರಕ್ತದ ಕ್ಯಾನ್ಸರು ಬಂತು. ಬೆಂಗಳೂರಿಗೆ ಕರೆದೊಯ್ದು ತೋರಿಸಿ, ಎರಡು ತಿಂಗಳಾದ ಮೇಲೆ ವಾಪಸು ಕರೆತಂದರು. ನಡುಮನೆಯ ಪಕ್ಕದ ಕೋಣೆಯಲ್ಲಿ ಮಂಚ ಹಾಕಿದರು. "ರಕ್ತ ಕಡಿಮೆಯಾಗಿದೆ, ಅಷ್ಟೇ" ಎಂದು ಅವನಿಗೂ ನಮಗೂ ಹೇಳಿದರು. (ಇವತ್ತಿನ ಮಕ್ಕಳಿಗೆ ಒಂದು ಮಾತು. ಆಗ ಆ ಕಾಯಿಲೆ ಬಂದರೆ ಉಳಿಯುವವರು ತೀರಾ ಕಡಿಮೆ. ಈಗ ಹಾಗಲ್ಲ, ಸರಿಯಾದ ಚಿಕಿತ್ಸೆ ಸಿಕ್ಕಿದ ಬಹಳಷ್ಟು ಮಕ್ಕಳು ಗುಣವಾಗುತ್ತಾರೆ.)

ಅಣ್ಣಯ್ಯನಿಗೆ ಎರಡು ಹುಚ್ಚು. ಒಂದು ಅಂಚೆಚೀಟಿ, ಇನ್ನೊಂದು ರೇಡಿಯೋ ಕಾಮೆಂಟರಿ ಕೇಳುತ್ತ ಕ್ರಿಕೆಟ್ಟಿನ ಸ್ಕೋರ್ ಬರೆಯುವುದು. ಆಗಿನ ಮಕ್ಕಳ ಪತ್ರಿಕೆಯೊಂದರಲ್ಲಿ 'ಪತ್ರಮಿತ್ರರು' ಎಂಬ ಅಂಕಣ ಬರುತ್ತಿತ್ತು. ಹೆಸರು, ವಯಸ್ಸು, ಹವ್ಯಾಸ, ವಿಳಾಸ ಕಳಿಸಿದರೆ ಅಚ್ಚು ಹಾಕುತ್ತಿದ್ದರು. ಎಲ್ಲೋ ಇರುವ ಹುಡುಗ ನಿಮಗೆ ಕಾಗದ ಬರೆಯುತ್ತಿದ್ದ. ಅಣ್ಣಯ್ಯ ಒಂದು ದಿನ ದಿಂಬಿನ ಕೆಳಗಿಂದ ಕಾರ್ಡು ತೆಗೆದು, "ಇದನ್ನ ಡಬ್ಬಿಗೆ ಹಾಕಿ ಬಾರೋ" ಎಂದ. ದಾರಿಯಲ್ಲಿ ಓದಿದೆ. ಹೆಸರು, ಹವ್ಯಾಸವೆಲ್ಲ ಆದ ಮೇಲೆ ಕೊನೆಯಲ್ಲಿ ಒಂದು ಸಾಲು ಸೇರಿಸಿದ್ದ. "ನಾನು ನಾಲ್ಕು ತಿಂಗಳಿನಿಂದ ಮಲಗಿದ್ದೇನೆ. ಹೀಗೆಯೇ ಮಲಗಿರುವ ಹುಡುಗರು ಯಾರಾದರೂ ಇದ್ದರೆ ದಯವಿಟ್ಟು ಬರೆಯಿರಿ."

ನಾನು ಅದನ್ನು ತಂದು ಚಿಕ್ಕಪ್ಪನಿಗೆ ತೋರಿಸಿದೆ. ಯಾಕೆ ತೋರಿಸಿದೆನೋ, ಒಳ್ಳೆಯ ಹುಡುಗ ಅನ್ನಿಸಿಕೊಳ್ಳುವ ಆಸೆ ಇದ್ದಿರಬೇಕು. ಚಿಕ್ಕಪ್ಪ ಓದಿ ಮುಖ ಆ ಕಡೆ ತಿರುಗಿಸಿಕೊಂಡರು. "ಊರಿಗೆಲ್ಲ ಡಂಗುರ ಯಾಕೆ? ಹಾಕಬೇಡ. ಹಾಕಿದೆ ಅಂತ ಹೇಳು."

ಹಾಗೇ ಹೇಳಿದೆ. ಕಾರ್ಡನ್ನು ನನ್ನ ಟ್ರಂಕಿನ ತಳದಲ್ಲಿಟ್ಟೆ. ಅವನು ದಿನಾ, "ಟಪಾಲು ಬಂತೇನೋ?" ಎನ್ನುವನು. "ಪತ್ರಿಕೆ ಅಚ್ಚಾಗೋಕೆ ತಿಂಗಳು ಬೇಕಲ್ಲ" ಎನ್ನುವೆನು. ಎರಡು ತಿಂಗಳಾದ ಮೇಲೆ ಒಂದು ಸಂಜೆ ಅವನೇ ಹೇಳಿದ. "ನೀನು ಹಾಕಿಲ್ಲ ಅಲ್ವಾ? ಪರವಾಗಿಲ್ಲ ಬಿಡು. ನಾನು ಕೇಳಿದೆ ಅಂತ ಅಪ್ಪಂಗೆ ಹೇಳಬೇಡ." ಆ ವರ್ಷ ದೀಪಾವಳಿ ಕಳೆದ ಎಂಟನೇ ದಿನ ಹೋದ. ಡಿಸೆಂಬರಿನಲ್ಲಿ ಬೊಂಬಾಯಿ ಟೆಸ್ಟಿನಲ್ಲಿ ನಮ್ಮ ಚಂದ್ರಶೇಖರ್ ವೆಸ್ಟ್ ಇಂಡೀಸಿನ ಮೊದಲ ಇನಿಂಗ್ಸಿನಲ್ಲೇ 7 ವಿಕೆಟ್ ಕಿತ್ತರು. ಸ್ಕೋರ್ ಬರೆಯಲು ಅಣ್ಣಯ್ಯ ಇರಲಿಲ್ಲ.

ಅವನಿಗೆ ಎಲ್ಲ ಗೊತ್ತಿತ್ತು ಎಂಬುದು ನನಗೆ ಅವತ್ತೇ ಗೊತ್ತಾಯಿತು. ಆದರೆ ಹಾಗೆ ಗೊತ್ತಿರುವುದು ಅವನೊಬ್ಬನಿಗೇ ಅಲ್ಲ ಎಂದು ತಿಳಿದದ್ದು ತೀರಾ ತಡವಾಗಿ. ಮೈರಾ ಬ್ಲೂಬಾಂಡ್-ಲ್ಯಾಂಗ್ನರ್ ಎಂಬ ಅಮೆರಿಕದ ಮಾನವಶಾಸ್ತ್ರಜ್ಞೆ, ರಕ್ತದ ಕ್ಯಾನ್ಸರಿನ ಮಕ್ಕಳ ವಾರ್ಡಿನಲ್ಲಿ ತಿಂಗಳುಗಟ್ಟಲೆ ಕೂತು ನೋಡಿ, 1978ರಲ್ಲಿ ಒಂದು ಪುಸ್ತಕ ಬರೆದರು. ಅಲ್ಲಿದ್ದವರು ಮೂರರಿಂದ ಒಂಬತ್ತು ವರ್ಷದ ಮಕ್ಕಳು. ದೊಡ್ಡವರು ಯಾರೂ ಬಾಯಿಬಿಟ್ಟು ಹೇಳದಿದ್ದರೂ ಆ ಪುಟಾಣಿಗಳಿಗೆ ಔಷಧಿಗಳ ಹೆಸರೂ ಗೊತ್ತಿತ್ತು, ತಮಗೇನಾಗುತ್ತಿದೆ ಎಂಬುದೂ ಗೊತ್ತಿತ್ತು. ಅಪ್ಪ-ಅಮ್ಮ ನೊಂದುಕೊಳ್ಳಬಾರದೆಂದು ಅವರೂ ಗೊತ್ತಿಲ್ಲದವರ ಹಾಗೆ ಇದ್ದುಬಿಡುತ್ತಿದ್ದರು. ಮನೆಮಂದಿಯೆಲ್ಲ ನಾಟಕ ಆಡುವುದು, ಎಲ್ಲರಿಗೂ ಅದು ನಾಟಕವೆಂದು ತಿಳಿದಿರುವುದು. ಆ ನಾಟಕದಲ್ಲಿ ರೋಗಿಯ ಪಾತ್ರದವನು ಒಬ್ಬಂಟಿಯಾಗಿಬಿಡುತ್ತಾನೆ.

ಇದನ್ನೆಲ್ಲ ಮೇಷ್ಟ್ರಿಗೆ ಹೇಗೆ ಹೇಳುವುದು? ಬ್ಯಾಂಕಿನಲ್ಲಿ ಮೂವತ್ತೈದು ವರ್ಷ ಕೌಂಟರಿನಲ್ಲಿ ಕೂತವನಿಗೆ ಗೊತ್ತು, ಗಿರಾಕಿ ಕೇಳದ ಸಲಹೆ ಕೊಡಬಾರದು. ಅಷ್ಟರಲ್ಲಿ ದಾರಿ ತೋರಿಸಿದವನು ನನ್ನ ಮೊಮ್ಮಗ, ಅದೂ ಬೈಸಿಕೊಂಡ ಮೇಲೆ.

ರಾತ್ರಿ ಹತ್ತಾದರೂ ಕಿವಿಗೆ ಹೆಡ್‌ಫೋನು ಸಿಕ್ಕಿಸಿಕೊಂಡು ಆಟ ಆಡುತ್ತಿದ್ದ. "ಮುಖ ನೋಡದವರ ಜೊತೆ ಎಂಥಾ ಸ್ನೇಹವೋ?" ಎಂದು ರೇಗಿದೆ. ಅವನು ಜಗಳಕ್ಕೆ ಬರಲಿಲ್ಲ. "ತಾತ, ಭಾನುವಾರ ಒಂದು ಪಿಕ್ಚರ್ ತೋರಿಸ್ತೀನಿ, ಆಮೇಲೆ ಬೈಯಿರಿ" ಎಂದ. ಅದು ನಾರ್ವೆ ದೇಶದ ಸಾಕ್ಷ್ಯಚಿತ್ರ, 2024ರದ್ದು. 'ದಿ ರಿಮಾರ್ಕಬಲ್ ಲೈಫ್ ಆಫ್ ಇಬೆಲಿನ್' ಎಂದು ಹೆಸರು. ಬೆಂಜಮಿನ್ ರೀ ಎಂಬುವರು ಮಾಡಿದ್ದು.

ಮಾಟ್ಸ್ ಸ್ಟೀನ್ ಎಂಬ ಹುಡುಗನ ಕಥೆ. 1989ರಲ್ಲಿ ಹುಟ್ಟಿದವನು. ಅವನಿಗೆ ಡುಶೆನ್ ಎಂಬ ಕಾಯಿಲೆ, ಸ್ನಾಯುಗಳು ವರ್ಷದಿಂದ ವರ್ಷಕ್ಕೆ ಶಕ್ತಿ ಕಳೆದುಕೊಳ್ಳುತ್ತ ಹೋಗುವಂಥದ್ದು. ಹುಟ್ಟುವಾಗಲೇ ಬರುವ ದೋಷ, ಬಹುಪಾಲು ಗಂಡುಮಕ್ಕಳಿಗೆ. ಮೊದಲು ಮೆಟ್ಟಿಲು ಹತ್ತಲು ಕಷ್ಟ, ಆಮೇಲೆ ಗಾಲಿಕುರ್ಚಿ, ಕೊನೆಗೆ ಉಸಿರಾಟಕ್ಕೂ ಯಂತ್ರ. ಕೈಬೆರಳಷ್ಟೇ ಆಡುತ್ತಿದ್ದ ಮಾಟ್ಸ್ ಹಗಲೂ ರಾತ್ರಿ 'ವರ್ಲ್ಡ್ ಆಫ್ ವಾರ್‌ಕ್ರಾಫ್ಟ್' ಎಂಬ ಆಟದ ಮುಂದೆ ಕೂತಿರುತ್ತಿದ್ದ. 2014ರ ನವೆಂಬರಿನಲ್ಲಿ, 25ನೇ ವಯಸ್ಸಿಗೆ ತೀರಿಕೊಂಡ. ಅಪ್ಪ-ಅಮ್ಮನಿಗೆ ದೊಡ್ಡ ಕೊರಗು ಅದೇ. ನಮ್ಮ ಮಗನಿಗೆ ಸ್ನೇಹಿತರೇ ಇರಲಿಲ್ಲ, ಯಾರಿಗೂ ಅವನು ಬೇಕಾಗಲಿಲ್ಲ, ಯಾರ ಬದುಕಿಗೂ ಒದಗದೆ ಹೋದ.

ಮಾಟ್ಸ್ ಒಂದು ಬ್ಲಾಗ್ ಬರೆಯುತ್ತಿದ್ದ. ಅಪ್ಪ ಅದರಲ್ಲೇ ಮಗ ಹೋದ ಸುದ್ದಿ ಬರೆದು, ಮಾತಾಡಬೇಕೆನ್ನುವವರಿಗೆ ತಮ್ಮ ಇ-ಮೇಲ್ ವಿಳಾಸ ಕೊಟ್ಟರು. ಯಾರು ಬರೆಯುತ್ತಾರೆ ಎಂದುಕೊಂಡಿದ್ದರೋ ಏನೋ. ಒಂದರ ಹಿಂದೊಂದು ಕಾಗದ ಬರತೊಡಗಿದವು, ಬೇರೆ ಬೇರೆ ದೇಶಗಳಿಂದ. ಆಟದಲ್ಲಿ ಮಾಟ್ಸ್‌ನ ಹೆಸರು ಇಬೆಲಿನ್, ಪತ್ತೇದಾರ. ಅಲ್ಲಿ ಅವನಿಗೆ ಕಾಲಿತ್ತು. ಆಟಕ್ಕೆ ಬಂದೊಡನೆ ಮೊದಲು ಓಡುತ್ತಿದ್ದನಂತೆ. ಹಾಲೆಂಡಿನ ಹುಡುಗಿಯೊಬ್ಬಳ ಕಂಪ್ಯೂಟರನ್ನು ತಂದೆತಾಯಿ ಕಿತ್ತುಕೊಂಡಾಗ, ಇಬೆಲಿನ್ ಆ ತಂದೆತಾಯಿಗೇ ಕಾಗದ ಬರೆದಿದ್ದ. ಡೆನ್ಮಾರ್ಕಿನ ತಾಯಿಯೊಬ್ಬರಿಗೆ ಆಟಿಸಂ ಇರುವ ಮಗ. ಅವನ ಜೊತೆ ಮಾತು ಕಷ್ಟವಾಗಿದ್ದಾಗ, ಇಬ್ಬರೂ ಆಟದೊಳಗೆ ಭೇಟಿಯಾಗಿ ಎಂದು ದಾರಿ ತೋರಿಸಿದವನೂ ಅವನೇ. ತನ್ನ ಕಾಯಿಲೆಯ ವಿಷಯ ಮಾತ್ರ ಬಹಳ ಕಾಲ ಅವರಲ್ಲಿ ಯಾರಿಗೂ ಹೇಳಿರಲಿಲ್ಲ. ಅವನ ಅಂತ್ಯಕ್ರಿಯೆಗೆ ಬೇರೆ ದೇಶಗಳಿಂದ ಬಂದರು, ಅವತ್ತಿನವರೆಗೆ ಅವನ ಮುಖ ನೋಡದೇ ಇದ್ದವರು. ಆ ತಂಡದವರ ಆಟದ ಮಾತುಕತೆ 42 ಸಾವಿರ ಪುಟಗಳಷ್ಟು ಉಳಿದಿತ್ತು. ಅದನ್ನಿಟ್ಟುಕೊಂಡೇ ಚಿತ್ರ ಮಾಡಿದ್ದಾರೆ. ಲೆಡ್ಜರು ಬರೆದವನಾಗಿ ನನಗೆ ಆ ಸಂಖ್ಯೆ ಬಹಳ ಹಿಡಿಸಿತು.

ಚಿತ್ರ ಮುಗಿದ ಮೇಲೆ ಮೊಮ್ಮಗನಿಗೆ ಬೈಯಲಿಲ್ಲ. (ಹತ್ತು ಗಂಟೆಯ ನಿಯಮ ಮಾತ್ರ ಹಾಗೇ ಇದೆ. ಅದನ್ನು ಅವನಮ್ಮ ಮಾಡಿದ್ದು, ನಾನಲ್ಲ.)

ಮಾಟ್ಸ್‌ಗೆ ಇದು ತಾನಾಗಿ ಒದಗಿದ್ದು. ಇಂಥದ್ದನ್ನು ಬೇಕೆಂದೇ ಕಟ್ಟಿಕೊಟ್ಟವರೂ ಇದ್ದಾರೆ. 'ಇ.ಟಿ.' ಸಿನಿಮಾ ಮಾಡಿದ ಸ್ಟೀವನ್ ಸ್ಪೀಲ್‌ಬರ್ಗ್ ಮುಂದಾಳಾಗಿದ್ದ ಒಂದು ಸಂಸ್ಥೆ, 1995ರಲ್ಲಿ 'ಸ್ಟಾರ್‌ಬ್ರೈಟ್ ವರ್ಲ್ಡ್' ಶುರುಮಾಡಿ, ಅಮೆರಿಕದ ಕೆಲವು ಆಸ್ಪತ್ರೆಗಳಲ್ಲಿ ತೀವ್ರ ಕಾಯಿಲೆಯಲ್ಲಿದ್ದ ಮಕ್ಕಳನ್ನು ಕಂಪ್ಯೂಟರಿನಲ್ಲಿ ಜೋಡಿಸಿತು. ಹಾಸಿಗೆಯಲ್ಲಿರುವ ಮಗು ತನಗೊಂದು ರೂಪ ಆರಿಸಿಕೊಂಡು, ಇನ್ನೊಂದು ಊರಿನ ಹಾಸಿಗೆಯಲ್ಲಿರುವ ಮಗುವನ್ನು ಕಂಡು ಆಡಬಹುದಿತ್ತು, ಮಾತಾಡಬಹುದಿತ್ತು. ಅದೇ 1995ರ ಆಗಸ್ಟ್ 15ರಂದು ನಮ್ಮ ದೇಶದಲ್ಲಿ ಸಾರ್ವಜನಿಕರಿಗೆ ಇಂಟರ್‌ನೆಟ್ ಬಂತು. ನಮ್ಮ ಶಾಖೆಯಲ್ಲಿ ಆಗಿನ್ನೂ ನಾವು ಬಡ್ಡಿ ಲೆಕ್ಕವನ್ನು ಪೆನ್ಸಿಲಿನಲ್ಲಿ ತಾಳೆ ನೋಡುತ್ತಿದ್ದೆವು.

ಹದಿಹರೆಯದವರದು ಇದರಲ್ಲಿ ಬೇರೆಯದೇ ಪಾಡು. ಮಕ್ಕಳ ವಾರ್ಡಿಗೆ ಹಾಕಿದರೆ ಗೋಡೆಯ ತುಂಬ ಮೊಲ, ಆನೆ, ಸುತ್ತ ಅಳುವ ಕೂಸುಗಳು. ದೊಡ್ಡವರ ವಾರ್ಡಿಗೆ ಹಾಕಿದರೆ ಅಕ್ಕಪಕ್ಕ ನನ್ನಂಥ ಮುದುಕರು. ಇಂಗ್ಲೆಂಡಿನಲ್ಲಿ ಟೀನೇಜ್ ಕ್ಯಾನ್ಸರ್ ಟ್ರಸ್ಟ್ ಎಂಬ ಸಂಸ್ಥೆ 1990ರಲ್ಲಿ ಲಂಡನ್ನಿನ ಆಸ್ಪತ್ರೆಯೊಂದರಲ್ಲಿ ಈ ವಯಸ್ಸಿನವರಿಗೆಂದೇ ಮೊದಲ ವಾರ್ಡು ಮಾಡಿತು. ಅದೇ ಸಂಸ್ಥೆಗೆ ಹಣ ಕೂಡಿಸಿದ ಸ್ಟೀಫನ್ ಸಟನ್ ಎಂಬ ಹುಡುಗನ ಹೆಸರು ನೀವು ಕೇಳಿರಬಹುದು. ಹದಿನೈದಕ್ಕೆ ಕ್ಯಾನ್ಸರು. ಗುಣವಾಗದು ಎಂದು ತಿಳಿದ ಮೇಲೆ, ಮಾಡಬೇಕೆಂದಿರುವ 46 ಕೆಲಸಗಳ ಪಟ್ಟಿ ಬರೆದು ಫೇಸ್‌ಬುಕ್ಕಿನಲ್ಲಿ ಹಾಕಿದ. ವಿಮಾನದಿಂದ ಜಿಗಿಯುವುದು, ತುಂಬಿದ ಸ್ಟೇಡಿಯಮ್ಮಿನ ಮುಂದೆ ಡ್ರಮ್ ಬಾರಿಸುವುದು, ಹೀಗೆ. 10 ಸಾವಿರ ಪೌಂಡ್ ಕೂಡಿಸಬೇಕೆಂಬುದೂ ಅದರಲ್ಲಿತ್ತು. 2014ರ ಮೇ ತಿಂಗಳಲ್ಲಿ, 19ನೇ ವಯಸ್ಸಿನಲ್ಲಿ ಅವನು ತೀರಿಕೊಳ್ಳುವ ಹೊತ್ತಿಗೆ ಅದು 30 ಲಕ್ಷ ದಾಟಿತ್ತು, ಆಮೇಲೆ 50 ಲಕ್ಷವನ್ನೂ ದಾಟಿತು.

ಇಷ್ಟನ್ನು ತಲೆಯಲ್ಲಿ ತುಂಬಿಕೊಂಡು ಮರುದಿನ ಪಾರ್ಕಿಗೆ ಹೋದೆ. ಆದರೆ ಕಲ್ಲುಬೆಂಚಿನ ಮೇಲೆ ನಾನು ಹೇಳಿದ್ದು ಸ್ಪೀಲ್‌ಬರ್ಗನ ವಿಷಯವಲ್ಲ, ಅಣ್ಣಯ್ಯನ ಕಾರ್ಡಿನ ವಿಷಯ. ಹೆಂಡತಿಗೂ ಪೂರ್ತಿ ಹೇಳಿರದಿದ್ದದ್ದು. ಮೇಷ್ಟ್ರು ಎದ್ದು ಹೋದರು. ಸ್ನೇಹ ಕಳೆದುಕೊಂಡೆ ಎಂದೇ ತಿಳಿದೆ. ಎರಡು ದಿನ ಅವರು ಪಾರ್ಕಿಗೆ ಬರಲಿಲ್ಲ. ಮೂರನೇ ದಿನ ನೇರ ನಮ್ಮ ಮನೆ ಬಾಗಿಲಿಗೇ ಬಂದರು.

"ಕೇಳಿದೆ ರಾಯರೇ. 'ನಿಂಗೇನಾದರೂ ಕೇಳಬೇಕಾ ಪುಟ್ಟೀ' ಅಂದೆ. 'ನಿಮಗೆಲ್ಲ ಗೊತ್ತು ಅಂತ ನಂಗೆ ಗೊತ್ತಾಗಿದೆ ಅಜ್ಜ, ಅಮ್ಮ ಬಾತ್‌ರೂಮಲ್ಲಿ ಅಳೋದು ಕೇಳತ್ತೆ' ಅಂದಳು." ಅಷ್ಟು ಹೇಳಿ ಜಗುಲಿಯ ಮೇಲೆ ಕೂತುಬಿಟ್ಟರು. ನಮ್ಮಾಕೆ ಕಾಫಿ ತಂದಿಟ್ಟು ಒಳಗೆ ಹೋದಳು.

ಮುಂದಿನ ಕೆಲಸವೆಲ್ಲ ಆಸ್ಪತ್ರೆಯ ಆಪ್ತಸಮಾಲೋಚಕಿಯದು. ಚಿಕ್ಕ ವಯಸ್ಸಿನವರು, ನಮ್ಮ ಮಗಳಂತೆ. ಪ್ಯಾಲಿಯೇಟಿವ್ ಕೇರ್, ಅಂದರೆ ಉಪಶಮನ ಆರೈಕೆ, ಕೈಚೆಲ್ಲುವುದಲ್ಲ ಎಂದು ಅವರೇ ತಿಳಿಸಿ ಹೇಳಿದರು. ನೋವು, ನಿದ್ದೆ, ಉಸಿರು, ಊಟ, ಭಯ ಎಲ್ಲಕ್ಕೂ ಅದರಲ್ಲಿ ಚಿಕಿತ್ಸೆ ಇದೆ. ಬೆಂಗಳೂರಿನ ಕರುಣಾಶ್ರಯ 1999ರಿಂದ ಕ್ಯಾನ್ಸರಿನ ಕೊನೆಯ ಹಂತದವರನ್ನು ಒಂದು ರೂಪಾಯಿಯೂ ತೆಗೆದುಕೊಳ್ಳದೆ ನೋಡಿಕೊಳ್ಳುತ್ತಿದೆ. ಮಗುವಿನ ಅಪ್ಪ-ಅಮ್ಮನಿಗೂ ಮಾತಾಡಲು ಯಾರಾದರೂ ಬೇಕಲ್ಲ? ಸರ್ಕಾರದ ಟೆಲಿ-ಮಾನಸ್ 14416ಕ್ಕೆ ಹಗಲು ರಾತ್ರಿ ಯಾವಾಗ ಫೋನು ಮಾಡಿದರೂ ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ಮೇಷ್ಟ್ರ ಸೊಸೆ ಮಾಡಿದರು.

ಆ ಸಮಾಲೋಚಕಿ ನೋಡಿಕೊಳ್ಳುತ್ತಿದ್ದ ಇಂಥ ಮಕ್ಕಳು ಬೇರೆ ಬೇರೆ ಊರುಗಳಲ್ಲಿ ಇನ್ನೂ ನಾಲ್ವರಿದ್ದರು. ಒಬ್ಬ ಬೀದರಿನ ಕಡೆಯ ಹುಡುಗ. ಮನೆಯವರನ್ನೂ ಮಕ್ಕಳನ್ನೂ ಕೇಳಿ ಒಪ್ಪಿಗೆ ಪಡೆದು, ಶನಿವಾರ ಸಂಜೆ ಐದಕ್ಕೆ ವಿಡಿಯೋ ಕರೆಯಲ್ಲಿ ಐವರನ್ನೂ ಸೇರಿಸಿದರು. ಲಿಂಕು ಕಳಿಸುವುದು, ಸಿಗ್ನಲ್ಲು ಹೋದವರನ್ನು ಮತ್ತೆ ಒಳಗೆ ಕರೆತರುವುದು ನನ್ನ ಮೊಮ್ಮಗನ ಕೆಲಸ. ಹಿಂದಿನ ದಿನ ಎಲ್ಲರ ಮನೆಗೆ ಫೋನು ಮಾಡಿ ನೆನಪಿಸುವುದು, ಯಾರ ಹಾಜರಿ ಎಷ್ಟು ಎಂದು ರಿಜಿಸ್ಟರಿನಲ್ಲಿ ಬರೆಯುವುದು ನನ್ನದು. ನನಗೆ ಬರುವುದು ಅದೊಂದೇ.

ನಿಯಮ ಮಾತ್ರ ಮಕ್ಕಳೇ ಮಾಡಿದ್ದು. ಮಾರ್ಕ್ಸ್ ಕೇಳಬಾರದು. ಯಾವ ಸೊಪ್ಪಿನ ರಸದಿಂದ ಯಾರಿಗೆ ಗುಣವಾಯಿತೆಂದು ಹೇಳಬಾರದು. ಫೋಟೋ ಹಿಡಿಯಬಾರದು, ಇಲ್ಲಿ ಆಡಿದ್ದು ಇಲ್ಲೇ ಇರಬೇಕು. (ನಾನು ಇಲ್ಲಿ ಬರೆಯುತ್ತಿರುವುದು ಐವರನ್ನೂ ಕೇಳಿ, ಎರಡು ಕಡೆ ಅವರು ಹೊಡೆದು ಹಾಕಿಸಿದ ಮೇಲೆ.) ಕ್ಯಾಮೆರಾ ಮುಚ್ಚಿಕೊಂಡರೆ ಯಾಕೆ ಎಂದು ಕೇಳಬಾರದು. ಕೊನೆಯ ನಿಯಮ ಮೇಷ್ಟ್ರ ಮೊಮ್ಮಗಳು ಹೇಳಿದ್ದು. ಯಾರಾದರೂ ತೀರಿಕೊಂಡರೆ ಉಳಿದವರಿಗೆ ಅವತ್ತೇ ಹೇಳಬೇಕು, "ಊರಿಗೆ ಹೋಗಿದ್ದಾರೆ" ಅನ್ನಬಾರದು. ದೊಡ್ಡವರು ಸೇರಿಸಿದ ನಿಯಮ ಒಂದೇ. ಸಮಾಲೋಚಕಿ ಇಲ್ಲದೆ ಕರೆ ತೆರೆಯುವಂತಿಲ್ಲ. ಬ್ಯಾಂಕಿನಲ್ಲಿ ಗುಮಾಸ್ತ ಬರೆದ ವೋಚರಿಗೆ ಅಧಿಕಾರಿಯ ಎರಡನೇ ಸಹಿ ಬೀಳದೆ ಹಣ ಕೌಂಟರು ದಾಟುತ್ತಿರಲಿಲ್ಲ. ಹಣಕ್ಕೇ ಅಷ್ಟು ಕಾವಲಿದ್ದ ಮೇಲೆ ಮಕ್ಕಳ ಮಾತಿಗೆ ಬೇಡವೇ? ಗುರುತಿಲ್ಲದವರು ನುಸುಳುವ ಜಾಗ ಇದು.

ಏನು ಮಾತಾಡುತ್ತಾರೆ ಎನ್ನುತ್ತೀರಾ? ಸಾವಿನ ಮಾತು ಎಂದುಕೊಂಡಿದ್ದೆ. ಕೂದಲು ಉದುರಿದ ಮೇಲೆ ಟೋಪಿ ಚುಚ್ಚುತ್ತದೆ, ಯಾವ ಬಟ್ಟೆಯದು ಒಳ್ಳೆಯದು? ಮಾತ್ರೆ ನುಂಗಿದರೆ ಬಾಯಿ ತಾಮ್ರದ ಹಾಗೆ, ಉಪ್ಪಿನಕಾಯಿ ನೆಕ್ಕಬಹುದೇ? ಯಾವ ನರ್ಸು ಸೂಜಿ ಚೆನ್ನಾಗಿ ಹಾಕುತ್ತಾರೆ? ಬೆಂಗಳೂರು ತಂಡ ಈ ಸಲವೂ ಕಪ್ಪು ಗೆಲ್ಲುತ್ತದೆಯೇ? ಒಂದೇ ಒಂದು ಸಲ ಒಬ್ಬ, "ನನ್ನ ಸೈಕಲ್ ತಮ್ಮಂಗೆ ಕೊಡಿ ಅಂತ ಹೇಳಿದೆ, ಅಪ್ಪ ಎದ್ದು ಹೋದ್ರು" ಎಂದ. ಯಾರೂ ಸಮಾಧಾನ ಹೇಳಲಿಲ್ಲ. ಇನ್ನೊಬ್ಬಳು, "ಗೇರ್ ಸೈಕಲ್ಲಾ?" ಎಂದು ಕೇಳಿದಳು. ಇಬ್ಬರೂ ಹತ್ತು ನಿಮಿಷ ಸೈಕಲ್ಲಿನ ಮಾತಾಡಿದರು. ಸಮಾಲೋಚಕಿ ಆಮೇಲೆ ಆ ಅಪ್ಪನಿಗೆ ಬೇರೆಯಾಗಿ ಫೋನು ಮಾಡಿದರು.

ಹೋದ ತಿಂಗಳು ಮೇಷ್ಟ್ರ ಮನೆಗೆ ಹೋದಾಗ ಆ ಕಾರ್ಡನ್ನು ಜೇಬಿನಲ್ಲಿಟ್ಟುಕೊಂಡು ಹೋಗಿದ್ದೆ. ಅಜ್ಜ ಹೇಳಿದ್ದರಂತೆ, ಹುಡುಗಿಯೇ ಕೇಳಿದಳು. ದಿಂಬಿಗೊರಗಿಕೊಂಡು ಎರಡು ಸಲ ಓದಿದಳು. "ಕೈಬರಹ ಚೆನ್ನಾಗಿದೆ. ಯಾರಾದ್ರೂ ಉತ್ತರ ಬರೆದ್ರಾ ತಾತ?"

"ಹಾಕಲೇ ಇಲ್ವಲ್ಲ ಪುಟ್ಟಿ."

"ಶನಿವಾರ ನಾನು ಓದ್ಲಾ?"

ಓದಿದಳು. ಉಸಿರು ಸಾಲದೆ ನಡುವೆ ಎರಡು ಕಡೆ ನಿಲ್ಲಿಸಿದಳು. ಯಾರೂ ಅವಸರ ಮಾಡಲಿಲ್ಲ. ಮುಂದಿನ ವಾರದೊಳಗೆ ಅಣ್ಣಯ್ಯನ ಹೆಸರಿಗೆ ನಾಲ್ಕು ಉತ್ತರ ಬಂದವು. ಎರಡು ಮೊಬೈಲಿನಲ್ಲಿ, ಒಂದು ಧ್ವನಿ ಸಂದೇಶ, ಒಂದು ನಿಜವಾದ ಪೋಸ್ಟ್ ಕಾರ್ಡು. ಕಾರ್ಡು ಬೀದರಿನ ಹುಡುಗನದು. "ನಾನೂ ಐದು ತಿಂಗಳಿಂದ ಮಲಗಿದ್ದೀನಿ. ಸ್ಟಾಂಪ್ ನನ್ನ ಹತ್ರ ಇಲ್ಲ, ನಿಮ್ಮ ಹತ್ರ ಒಂದೇ ಥರದ್ದು ಎರಡಿದ್ರೆ ಒಂದು ಕಳಿಸಿ" ಎಂದು ಬರೆದಿದ್ದಾನೆ. ಅಣ್ಣಯ್ಯನ ಆಲ್ಬಮ್ ಚಿಕ್ಕಪ್ಪನ ಮಗಳ ಮನೆಯಲ್ಲಿದೆ. ಫೋನು ಮಾಡಿ ಕೇಳಿದ್ದೇನೆ, ಅಟ್ಟದಿಂದ ಇಳಿಸುತ್ತಿದ್ದಾಳೆ.

ಈ ಶನಿವಾರ ಅವನಿಗೆ ಸ್ಕ್ಯಾನಿಂಗ್ ಇದೆ. ಆದ್ದರಿಂದ ಕರೆ ಐದಕ್ಕಲ್ಲ, ಆರಕ್ಕೆ. ಉಳಿದ ನಾಲ್ಕು ಮನೆಗೂ ತಿಳಿಸಿ, ರಿಜಿಸ್ಟರಿನಲ್ಲಿ ಕೆಂಪು ಶಾಯಿಯಲ್ಲಿ ತಿದ್ದಿಟ್ಟಿದ್ದೇನೆ.